ವಿದ್ಯಾದಾನದಲ್ಲಿ ಅಧಿಕಾರಿವಿಚಾರ

(ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಯಾವ ಶಾಸ್ತ್ರವನ್ನು ಆರಂಭಿಸುವುದಕ್ಕೂ ಮೊದಲು ನಾಲ್ಕು ಸಂಗತಿಗಳನ್ನು ನಿಶ್ಚಯಿಸಿಕೊಳ್ಳತಕ್ಕದ್ದೆಂದು ಪ್ರಾಚೀನರು ವಿಧಿಸಿರುವರು. ಹೇಳತಕ್ಕುದು ಏನು ಎಂಬುದು ವಿಷಯ. ಹೇಳುವುದರಿಂದ ಆಗುವ ಫಲವೇನು ಎಂಬುದು ಪ್ರಯೋಜನ. ಗ್ರಂಥಕ್ಕೂ ವಿಷಯಕ್ಕೂ ಇರುವ ನಂಟು ಸಂಬಂಧ. ಕೇಳತಕ್ಕವನು ಯಾರು ಎಂಬುದು ಅಧಿಕಾರಿ. ಈ ನಾಲ್ಕಕ್ಕೂ ಅನುಬಂಧಚತುಷ್ಟಯವೆಂದು ಹೆಸರು. ಇಲ್ಲಿ ಅಧಿಕಾರಿಯೆಂದರೆ ಕಚೇರಿಯಲ್ಲಿ ಕುಳಿತು ಆಜ್ಞೆ ಮಾಡುವವನಲ್ಲ. ವಿದ್ಯೆಯನ್ನು ಪಡೆಯಲು ಬಂದವನು, ಅವನ ಯೋಗ್ಯತೆ, ಅವನ ಸ್ಥಿತಿ, ಅವನ ಸಮಯ. ಮೊದಲಿನ ಮೂರನ್ನು ನಿಶ್ಚಯಿಸಿ ನಾಲ್ಕನೆಯದನ್ನು ಮರೆತ ಗ್ರಂಥವು ಕಪಾಟಿನಲ್ಲಿ ಉಳಿಯುವುದೇ ಹೊರತು ಮನಸ್ಸಿಗೆ ಇಳಿಯಲಾರದು.

ಇಂದಿನ ಕಾಲದಲ್ಲಿ ಮಕ್ಕಳ ಪಾಠವು ಪುಸ್ತಕದ ಪುಟದಿಂದ ಮೊಬೈಲಿನ ಗಾಜಿನ ಮೇಲೆ ಬಂದಿರುವುದಷ್ಟೆ. ಸರಕಾರದವರೂ, ಧರ್ಮಸಂಸ್ಥೆಗಳವರೂ, ವಿದ್ಯಾಪ್ರೇಮಿಗಳೂ ಅಂತರ್ಜಾಲದಲ್ಲಿ ಪಾಠಗಳನ್ನು ರಾಶಿರಾಶಿಯಾಗಿ ಇಟ್ಟಿರುವರು. ವಿಷಯಕ್ಕೆ ಕೊರತೆಯಿಲ್ಲ; ಪ್ರಯೋಜನದಲ್ಲಿ ಸಂದೇಹವಿಲ್ಲ. ಆದರೂ ಬನಹಟ್ಟಿಯ ಒಂದು ನೇಕಾರರ ಮನೆಯಲ್ಲಿ ಏಳನೆಯ ಇಯತ್ತೆ ಓದುವ ಹುಡುಗಿಗೆ ಆ ರಾಶಿಯಿಂದ ಒಂದು ಕಾಳೂ ದೊರೆಯದೆ ಹೋಗುವುದುಂಟು. ಕಾರಣವೇನು? ಪಾಠವನ್ನು ಸಿದ್ಧಪಡಿಸಿದವರು ಅಧಿಕಾರಿವಿಚಾರವನ್ನು ಮಾಡಲಿಲ್ಲ. ಆ ಮನೆಯಲ್ಲಿ ಮೊಬೈಲು ಯಾರ ಕೈಯಲ್ಲಿದೆ, ಯಾವ ಹೊತ್ತಿಗೆ ಬಿಡುವಾಗುತ್ತದೆ, ಅದರ ಮುಂದೆ ಕುಳಿತವರು ಏನನ್ನು ನೋಡುತ್ತಾರೆ, ಆಕೆಗೆ ಕಲಿಸುವ ಶಿಕ್ಷಕರು ಯಾವ ದಾರಿಯಿಂದ ಪಾಠವನ್ನು ಹುಡುಕುತ್ತಾರೆ, ಇದಾವುದನ್ನೂ ಅವರು ವಿಚಾರಿಸಲಿಲ್ಲ. ಈ ವಿಚಾರವೇ ಈ ಉಪನ್ಯಾಸದ ವಿಷಯ.

ಇದು ಈ ನಾಡಿಗೆ ಹೊಸ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ಒಂದು ಕಾಲಕ್ಕೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ವಿದ್ಯೆಯು ಐಗಳ ಮಠದಲ್ಲಿ, ಗಾವಟಿ ಶಾಲೆಯಲ್ಲಿ ನಡೆಯುತ್ತಿದ್ದಿತು. ಐಗಳು ಊರಿನವರೇ, ಯಾವ ಮನೆಯಲ್ಲಿ ಸುಗ್ಗಿ, ಯಾವ ಮನೆಯಲ್ಲಿ ಸೂತಕ, ಯಾವ ಹುಡುಗ ದನ ಕಾಯ್ದು ಬಂದ ಮೇಲೆ ಮಾತ್ರ ಮರಳಿನ ಮೇಲೆ ಅಕ್ಷರ ತಿದ್ದಬಲ್ಲನು, ಇದೆಲ್ಲವೂ ಅವರಿಗೆ ಗೊತ್ತಿದ್ದಿತು. ಅವರು ಕಲಿಸಿದ್ದು ಅಲ್ಪವಾಗಿರಬಹುದು. ಆದರೆ ಕಲಿಯುವವನನ್ನು ಅವರು ಬಲ್ಲವರಾಗಿದ್ದರು. ಅನಂತರ ಮುಂಬಯಿ ಸರಕಾರದ ಶಾಲೆಗಳು ಬಂದವು. ಈ ಭಾಗದಲ್ಲಿ ಮರಾಠಿಯೇ ಶಾಲೆಯ ಭಾಷೆಯಾಗಿ ಮೆರೆಯುತ್ತಿದ್ದ ಆ ದಿನಗಳಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834-1881) ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮವು ಸರ್ವರಿಗೂ ವಿದಿತವೇ ಇದೆ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿಯಾದರೆ ಮಗುವು ಶಾಲೆಗೆ ಬಂದರೂ ವಿದ್ಯೆಯು ಮಗುವಿನ ಬಳಿಗೆ ಬಾರದು. ಆ ಕಾಲಕ್ಕೇ ಶಿಕ್ಷಕರಿಗಾಗಿ ಬೆಳಗಾವಿಯಿಂದ ಒಂದು ಕನ್ನಡ ಪತ್ರಿಕೆ ಹೊರಟಿತು. ಅದರ ಹೆಸರು 'ಮಠಪತ್ರಿಕೆ'. ಮಠವೆಂದರೆ ಶಾಲೆಯೆಂಬ ಅರ್ಥವು ಜನರ ನಾಲಗೆಯ ಮೇಲೆ ಇದ್ದುದರಿಂದ, ಪತ್ರಿಕೆಗೂ ಜನರು ಬಲ್ಲ ಹೆಸರನ್ನೇ ಇಟ್ಟರು. ಅಧಿಕಾರಿವಿಚಾರವೆಂದರೆ ಇದೇ.

ಇನ್ನೊಂದು ನಿದರ್ಶನವು ಶ್ರೀಮಠದ ಭಕ್ತರಿಗೆ ಇನ್ನೂ ಹತ್ತಿರದ್ದು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು (1880-1964) ವಿಜಾಪುರದಲ್ಲಿ ವಕೀಲಿ ಮಾಡುತ್ತ ವಚನಗಳ ಓಲೆಗಳನ್ನು ಅರಸುತ್ತ ಹೊರಟಾಗ ಅವು ಎಲ್ಲಿದ್ದವು? ಭಕ್ತರ ಮನೆಗಳಲ್ಲಿ, ಮಠಗಳಲ್ಲಿ, ಜಗಲಿಯ ಮೇಲೆ ವಸ್ತ್ರದಲ್ಲಿ ಸುತ್ತಿಟ್ಟು ಪೂಜೆಗೊಳ್ಳುತ್ತಿದ್ದವು. ಧನವು ಮನೆಯಲ್ಲಿಯೇ ಇದ್ದಿತು, ಗಂಟನ್ನು ಬಿಚ್ಚುವವರಿರಲಿಲ್ಲ. ಹಳಕಟ್ಟಿಯವರು ಗಂಟು ಬಿಚ್ಚಿದರು. ಬಿಚ್ಚಿ ಅಷ್ಟಕ್ಕೇ ನಿಲ್ಲಲಿಲ್ಲ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಮಾಡಿಸಿದರು. 1925ರಲ್ಲಿ ಮನೆಯನ್ನು ಮಾರಿ 'ಹಿತಚಿಂತಕ' ಮುದ್ರಣಾಲಯವನ್ನು ಹಾಕಿದರು. ಮರುವರ್ಷವೇ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದರು. ದೊಡ್ಡ ಗ್ರಂಥವನ್ನು ಕೊಳ್ಳಲಾರದವನಿಗೆ ಕಂತುಕಂತಾಗಿ ಪತ್ರಿಕೆಯು ಮುಟ್ಟಿತು. ಒಂದೇ ವಿದ್ಯೆಯನ್ನು ಬೇರೆ ಬೇರೆ ಓದುಗನಿಗೆ ಬೇರೆ ಬೇರೆ ಪ್ರಮಾಣದಲ್ಲಿ ತಲುಪಿಸುವ ಈ ಕ್ರಮವು ಇಂದಿನವರು ಅವಶ್ಯವಾಗಿ ಮನನ ಮಾಡತಕ್ಕುದಾಗಿದೆ.

ಈಗ ವರ್ತಮಾನಕ್ಕೆ ಬರೋಣ. 2017ರ ಸಪ್ಟಂಬರದಲ್ಲಿ ಕೇಂದ್ರ ಸರಕಾರದವರು 'ದೀಕ್ಷಾ' ಎಂಬ ಅಂತರ್ಜಾಲದ ವಿದ್ಯಾಭಂಡಾರವನ್ನು ತೆರೆದರು. ಕರ್ನಾಟಕದ ಪಠ್ಯಪುಸ್ತಕಗಳ ಪುಟಗಳಲ್ಲಿ ಕಪ್ಪುಬಿಳುಪಿನ ಚೌಕಗಳ ಕ್ಯೂಆರ್ ಸಂಕೇತಗಳು ಮುದ್ರಿತವಾಗಿವೆ. ಮೊಬೈಲಿನ ಕಣ್ಣನ್ನು ಅದಕ್ಕೆ ಹಿಡಿದರೆ ಆ ಪಾಠದ ಚಲಚ್ಚಿತ್ರವೋ ಅಭ್ಯಾಸವೋ ತೆರೆಯುತ್ತದೆ. ಕನ್ನಡದ ವಿಕಿಪೀಡಿಯವು 2003ರಿಂದಲೇ ಇದೆ. ಕರ್ನಾಟಕ ಜ್ಞಾನ ಆಯೋಗದ ಆಶಯದಿಂದ ಹುಟ್ಟಿದ 'ಕಣಜ'ವಿದೆ. 'ವಚನ ಸಂಚಯ'ದಲ್ಲಿ 20,000ಕ್ಕೂ ಮಿಕ್ಕ ವಚನಗಳನ್ನು ಶಬ್ದವೊಂದನ್ನು ಹಾಕಿ ಹುಡುಕಬಹುದು. ಹಳಕಟ್ಟಿಯವರು ಊರೂರು ತಿರುಗಿ ಕೂಡಿಸಿದ್ದಕ್ಕೆ ಸಮಾನವಾದ ನಿಧಿಯು ಇಂದು ಅಂಗೈಯಲ್ಲಿದೆ. ಆದರೆ ಆ ಪುಟದ ಚೌಕಕ್ಕೆ ಎಷ್ಟು ಮನೆಗಳಲ್ಲಿ ಮೊಬೈಲು ಹಿಡಿದಿರುವರು? ಹಲವೆಡೆ ಅದು ಮತ್ತೆ ವಸ್ತ್ರದಲ್ಲಿ ಸುತ್ತಿಟ್ಟ ಓಲೆಯ ಕಟ್ಟೇ ಆಗಿದೆ. ಇದೆ, ಪೂಜ್ಯವಾಗಿದೆ, ಬಿಚ್ಚಿಲ್ಲ.

ಮನೆಗಳಲ್ಲಿ ಮೊಬೈಲು ಇಲ್ಲವೆಂದು ಕೆಲವರು ಉತ್ತರ ಕೊಡುವರು. ಆ ಉತ್ತರವು ಹಳೆಯದಾಯಿತು. ಗ್ರಾಮೀಣ ಶಿಕ್ಷಣದ ಸ್ಥಿತಿಯನ್ನು ಪರೀಕ್ಷಿಸುವ 'ಅಸರ್' ಸಮೀಕ್ಷೆಯ ಪ್ರಕಾರ ಶಾಲಾ ಮಕ್ಕಳಿರುವ ಮನೆಗಳಲ್ಲಿ ಸ್ಮಾರ್ಟ್‌ಫೋನು ಇದ್ದವು 2018ರಲ್ಲಿ ದೇಶದೊಳಗೆ ನೂರಕ್ಕೆ 36ರಷ್ಟು. 2020ರಲ್ಲಿ ನೂರಕ್ಕೆ 62ರಷ್ಟು. 2022ರಲ್ಲಿ ನೂರಕ್ಕೆ 75ರಷ್ಟು. ಅದೇ ಸಮೀಕ್ಷೆಯ 2024ರ ವರದಿಯಲ್ಲಿ 14ರಿಂದ 16 ವರ್ಷದ ಮಕ್ಕಳನ್ನು ಕುರಿತ ಲೆಕ್ಕವಿದೆ. ನೂರಕ್ಕೆ 82 ಮಕ್ಕಳು ಸ್ಮಾರ್ಟ್‌ಫೋನನ್ನು ಬಳಸಬಲ್ಲರು. ಹಿಂದಿನ ವಾರದಲ್ಲಿ ಅದನ್ನು ಓದಿನ ಕೆಲಸಕ್ಕೆ ಬಳಸಿದವರು ನೂರಕ್ಕೆ 57. ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ನೂರಕ್ಕೆ 76. ಆದುದರಿಂದ ಸಾಧನವು ಮನೆಗೆ ಬಂದಿದೆ, ಅಭ್ಯಾಸವೂ ಬೆಳೆದಿದೆ. ಆ ಅಭ್ಯಾಸದ ಹೊಳೆಯು ಯಾವ ಕಡೆಗೆ ಹರಿಯುತ್ತಿದೆಯೆಂಬುದೇ ವಿಚಾರಣೀಯವಾದುದು.

ಇನ್ನೊಂದು ಲೆಕ್ಕವು ತಂದೆತಾಯಿಗಳ ಮನಸ್ಸನ್ನು ಮುಟ್ಟತಕ್ಕುದು. 2023ರಲ್ಲಿ 14ರಿಂದ 18 ವರ್ಷದವರನ್ನು ಕೇಳಿದಾಗ, ಮೊಬೈಲು ಬಳಸಬಲ್ಲ ಹುಡುಗರಲ್ಲಿ ನೂರಕ್ಕೆ 43.7 ಜನಕ್ಕೆ ಸ್ವಂತದ ಮೊಬೈಲು ಇದ್ದಿತು. ಹುಡುಗಿಯರಲ್ಲಿ ನೂರಕ್ಕೆ 19.8 ಜನಕ್ಕೆ ಮಾತ್ರ. ಮನೆಗೆ ಬಂದ ಸಾಧನವು ಮನೆಯ ಎಲ್ಲರ ಕೈಗೂ ಸಮನಾಗಿ ಬರಲಿಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಡ. ಹೆಣ್ಣುಮಗಳಿಗೆ ಸಂಸ್ಕಾರ ಹೇಳುವ ಮನೆಯೇ ಆಕೆಯ ಪಾಠದ ಸರದಿಯನ್ನು ಎಲ್ಲರಿಗಿಂತ ಕಡೆಗೆ ಇಟ್ಟರೆ ಅದು ಯಾವ ಸಂಸ್ಕಾರ?

ಈಗ ಬನಹಟ್ಟಿಯ ಒಂದು ಮನೆಯನ್ನು ಮನಸ್ಸಿನ ಮುಂದೆ ಇಟ್ಟುಕೊಳ್ಳುವುದು ಒಳ್ಳೆಯದು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಹೊಕ್ಕವರಿಗೆ ಮೊದಲು ಕೇಳುವುದು ಮಗ್ಗದ ಸಪ್ಪಳ. ಕೈಮಗ್ಗದ ಕಾಲದಲ್ಲಿ ಆ ಸಪ್ಪಳಕ್ಕೆ ಒಂದು ಲಯವಿದ್ದಿತು. ವಿದ್ಯುತ್ತಿನ ಮಗ್ಗವು ಬಂದ ಮೇಲೆ ಸಪ್ಪಳಕ್ಕೆ ಬಿಡುವೇ ಇಲ್ಲ. ಅನೇಕರ ಮನೆಯೊಳಗೇ ಮಗ್ಗ. ತಂದೆಯು ಮಗ್ಗದ ಮುಂದೆ; ತಾಯಿಯು ಕಂಡಿಕೆ ಸುತ್ತುತ್ತ ಕುಳಿತಿರುತ್ತಾಳೆ. ಮೊಬೈಲು ತಂದೆಯ ಅಂಗಿಯ ಕಿಸೆಯಲ್ಲಿ, ಏಕೆಂದರೆ ನೂಲು ಬಂದಿತೆಂಬ ಸುದ್ದಿ, ಸೀರೆಯ ಅಂಚಿನ ಚಿತ್ರ, ಮಜೂರಿಯ ಲೆಕ್ಕ, ಎಲ್ಲವೂ ಅದರಲ್ಲಿಯೇ ಬರುವುದು. ಹಗಲು ಹತ್ತು ಗಂಟೆಗೆ ಯಾರೋ ಕಳಿಸಿದ ಪಾಠವು ಆ ಕಿಸೆಯಲ್ಲಿ ಬಂದು ಬೀಳುತ್ತದೆ. ರಾತ್ರಿ ಊಟವಾಗಿ ಮೊಬೈಲು ಮಗಳ ಕೈಗೆ ಬರುವ ಹೊತ್ತಿಗೆ ಆ ಪಾಠದ ಮೇಲೆ ಶುಭೋದಯದ ಹೂವಿನ ಚಿತ್ರಗಳೂ, ಮದುವೆಯ ಕರೆಯೋಲೆಗಳೂ, ಹಾಸ್ಯದ ತುಣುಕುಗಳೂ ಬಿದ್ದು ಅದು ತಳಕ್ಕೆ ಹೋಗಿರುತ್ತದೆ. ದೊರಕಿದರೂ ಮುಕ್ಕಾಲು ಗಂಟೆಯ ವ್ಯಾಖ್ಯಾನ. ತೆರೆಯಹೋದರೆ ಆ ದಿನದ ಇಂಟರ್‌ನೆಟ್ಟಿನ ಮಿತಿಯು ಮುಗಿದಿರುತ್ತದೆ. ಮಿತಿಯು ಉಳಿದಿದ್ದರೆ ಮಗ್ಗದ ಸಪ್ಪಳದಲ್ಲಿ ಮಾತು ಕೇಳಿಸದು. ಇಷ್ಟೆಲ್ಲವನ್ನೂ ದಾಟಿ ಕೇಳಿದರೆ, ಎಲ್ಲಿಯದೋ ಪಟ್ಟಣದ ಪುಸ್ತಕದ ನುಡಿ. ಜಮಖಂಡಿ ಸೀಮೆಯ ಮಗುವಿನ ಕಿವಿಗೆ ಅದು ಪರಿಚಯವಾಗುವಷ್ಟರಲ್ಲಿ ಪಾಠವೇ ಮುಗಿದಿರುತ್ತದೆ. ಇಂತಹ ಮನೆಯನ್ನು 'ಆಸಕ್ತಿಯಿಲ್ಲದ ಮನೆ'ಯೆಂದು ಬರೆದುಕೊಂಡು ಹೋಗುವುದು ಘೋರವಾದ ಅನ್ಯಾಯವು. ಆಸಕ್ತಿಯು ಇದ್ದಿತು, ಪಾಠವು ಬಂದ ಹೊತ್ತು ತಪ್ಪಿದ್ದಿತು.

ಈ ಸತ್ಯವು 2020ರಲ್ಲಿ ಎಲ್ಲರಿಗೂ ಪ್ರತ್ಯಕ್ಷವಾಯಿತು. ಮಹಾಮಾರಿಯ ನಿಮಿತ್ತವಾಗಿ ಶಾಲೆಗಳು ಮುಚ್ಚಿದಾಗ ಜುಲೈ ತಿಂಗಳಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಎಂಬ ಪಾಠಮಾಲೆಯು ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗಾಗಿ ಆರಂಭವಾಯಿತು. ಮುಂದಿನ ತಿಂಗಳು 'ವಿದ್ಯಾಗಮ'ವು ಬಂದಿತು. ಅದರ ಮೊದಲ ಹೆಜ್ಜೆಯೇ ಗಮನಾರ್ಹವಾದುದು. ಮಕ್ಕಳ ಮನೆಯಲ್ಲಿ ಏನೇನು ಇದೆಯೆಂದು ಶಿಕ್ಷಕರು ಕೇಳಿ ತಿಳಿದು, ಯಾವ ಸಾಧನವೂ ಇಲ್ಲದವರು, ಸಾದಾ ಫೋನು ಇದ್ದವರು, ಸ್ಮಾರ್ಟ್‌ಫೋನು ಇದ್ದವರು ಎಂದು ಗುಂಪುಗಳನ್ನು ಮಾಡಿ, ಗುಡಿಯ ಅಂಗಳದಲ್ಲಿ, ಸಮುದಾಯ ಭವನದಲ್ಲಿ, ಗಿಡದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರದಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಮತ್ತೆ ನಡೆಯಿತು. ಅದರ ಗುಣದೋಷಗಳು ಏನೇ ಇರಲಿ, ಕಲಿಸುವ ಮೊದಲು ಮನೆಯನ್ನು ಕೇಳಬೇಕೆಂಬ ಐಗಳ ಕಾಲದ ನಿಯಮವು ಆಗ ಒಮ್ಮೆ ಮರಳಿ ಬಂದಿತು. ಕಷ್ಟಕಾಲದಲ್ಲಿ ಕಲಿತದ್ದನ್ನು ಸುಖಕಾಲದಲ್ಲಿ ಮರೆಯುವುದು ವಿವೇಕವಲ್ಲ.

ಇನ್ನು ಶಿಕ್ಷಕರ ವಿಷಯ. ಮನೆಗೂ ವಿದ್ಯಾಭಂಡಾರಕ್ಕೂ ನಡುವೆ ನಿಂತವರು ಅವರೇ. ಪಾಠವು ಅವರ ಕೈದಾಟದೆ ಮನೆಗೆ ಬರುವುದು ಅಪರೂಪ. ಅವರ ರೂಢಿಯನ್ನು ವಿಚಾರಿಸಿದರೆ ಮೂರು ಸಂಗತಿಗಳು ತೋರುವವು. ಮೊದಲನೆಯದು, ಶಿಕ್ಷಕರು ಹುಡುಕುವುದು ನಾಳೆಯ ಪಾಠಕ್ಕಾಗಿ. ಶಾಲೆಯ ದಾಖಲೆ, ಬಿಸಿಯೂಟದ ಲೆಕ್ಕ, ಮನೆಯ ಕೆಲಸ ಮುಗಿದ ಮೇಲೆ ರಾತ್ರಿ ಉಳಿದ ಅರ್ಧ ಗಂಟೆಯಲ್ಲಿ. ಆ ಅರ್ಧ ಗಂಟೆಯಲ್ಲಿ ಹತ್ತು ಬಾಗಿಲುಗಳನ್ನು ತೆರೆಯಲು ಅವರಿಗೆ ವ್ಯವಧಾನವಿಲ್ಲ. ಎರಡನೆಯದು, ಅವರು ಹುಡುಕುವ ಶಬ್ದಗಳು ಸರಳವಾದವು. 'ಏಳನೆಯ ತರಗತಿ, ಗಣಿತ, ಭಿನ್ನರಾಶಿ' ಎಂದು ಬರೆದು ಹುಡುಕುವರೇ ಹೊರತು, 'ನಾವೀನ್ಯಪೂರ್ಣ ಕಲಿಕಾ ಸಂಪನ್ಮೂಲ'ವೆಂದು ಯಾರೂ ಹುಡುಕರು. ಓಲೆಯ ಕಟ್ಟಿನ ಮೇಲೆ ಒಳಗಿರುವ ಗ್ರಂಥದ ಹೆಸರನ್ನು ಬರೆಯದೆ ಬರಿಯ ಬಿರುದಾವಳಿಯನ್ನು ಬರೆದಂತೆ, ಒಳ್ಳೆಯ ಪಾಠಗಳು ಕೆಟ್ಟ ಹೆಸರಿನ ದೆಸೆಯಿಂದ ಕಾಣದೆ ಹೋಗಿವೆ. ಮೂರನೆಯದು, ಶಿಕ್ಷಕರು ಯಂತ್ರವನ್ನು ನಂಬುವುದಕ್ಕಿಂತ ಹೆಚ್ಚಾಗಿ ಮತ್ತೊಬ್ಬ ಶಿಕ್ಷಕರನ್ನು ನಂಬುವರು. 'ಇದನ್ನು ತರಗತಿಯಲ್ಲಿ ತೋರಿಸಿದೆ, ಮಕ್ಕಳಿಗೆ ತಿಳಿಯಿತು' ಎಂದು ನೆರೆಯೂರಿನ ಶಿಕ್ಷಕರು ಹೇಳಿದ ಒಂದು ಮಾತಿಗೆ ಸಾವಿರ ಜಾಹೀರಾತುಗಳು ಸಮವಾಗಲಾರವು. ಆದುದರಿಂದ ಪಾಠವನ್ನು ಪ್ರಚುರಪಡಿಸುವವರು ಮೊದಲು ಹತ್ತು ಜನ ಶಿಕ್ಷಕರ ಅನುಭವವನ್ನು ಸಂಪಾದಿಸಬೇಕು. ಆ ಹತ್ತು ಜನರೇ ನೂರು ಜನರಿಗೆ ಹೇಳುವರು.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. 'ಮೊಬೈಲೇ ಮಕ್ಕಳನ್ನು ಕೆಡಿಸಿತು. ಅದನ್ನು ಮನೆಯಿಂದ ಹೊರಗೆ ಹಾಕುವುದನ್ನು ಬಿಟ್ಟು, ಅದರ ಮೂಲಕ ವಿದ್ಯೆಯನ್ನು ಕೊಡುವ ವಿಚಾರವೇಕೆ?' ಎಂದು ಹಿರಿಯರು ಕೇಳುವರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. 2023ರಲ್ಲಿ ಯುನೆಸ್ಕೊ ಸಂಸ್ಥೆಯು ಪ್ರಕಟಿಸಿದ ಜಾಗತಿಕ ವರದಿಯೂ, ಯಂತ್ರವು ಕಲಿಯುವವನ ಹಿತಕ್ಕೆ ಅಧೀನವಾಗಿರಬೇಕು, ಗುರುವಿನ ಸ್ಥಾನವನ್ನು ಅದು ತುಂಬಲಾರದು ಎಂಬ ಅಭಿಪ್ರಾಯವನ್ನೇ ಪ್ರತಿಪಾದಿಸಿದೆ. ಆದರೆ ಸಿದ್ಧಾಂತವು ಹೀಗಿದೆ. ಮೊಬೈಲನ್ನು ಮನೆಗೆ ತಂದವರು ಮಕ್ಕಳಲ್ಲ. ಅದು ತಂದೆಯ ಕಸುಬಿನ ಉಪಕರಣವಾಗಿ ಬಂದಿತು. ಕಸುಬು ಇರುವವರೆಗೆ ಅದು ಇರುವುದು. ಮನೆಯೊಳಗೆ ಇದ್ದದ್ದನ್ನು ಇಲ್ಲವೆಂದು ಭಾವಿಸಿ ಕಣ್ಣು ಮುಚ್ಚಿದರೆ, ಅದರೊಳಗೆ ಪ್ರವೇಶಿಸುವವರು ಬೇರೆಯವರು. ಅವರು ಮನೆಯವರ ರೂಢಿಯನ್ನು ಗಳಿಗೆಗಳಿಗೆಗೆ ಅಳೆದು ತಮ್ಮ ಸರಕನ್ನು ಮಾರತಕ್ಕವರು. ವಿದ್ಯೆಯನ್ನು ಕೊಡುವವರು ಮಾತ್ರ ಆ ರೂಢಿಯನ್ನು ತಿಳಿಯದೆ ಇರಬೇಕೇ? ಮತ್ತು ಹಿರಿಯರು ತಾವೇ ಉಣ್ಣುವಾಗಲೂ ಅದನ್ನು ನೋಡುತ್ತ ಮಗುವಿಗೆ ಮಾತ್ರ ನಿಷೇಧ ವಿಧಿಸಿದರೆ ಆ ನಿಷೇಧವು ನಿಲ್ಲದು. ನಡೆಯಿಲ್ಲದ ನುಡಿಯನ್ನು ಮಕ್ಕಳು ಎಲ್ಲರಿಗಿಂತ ಮೊದಲು ಗುರುತಿಸುವರು.

ಆದರೆ ತಿಳಿಯುವುದಕ್ಕೂ ಒಂದು ಮರ್ಯಾದೆಯುಂಟು. ಕೇಳಿ ತಿಳಿಯುವುದು ಬೇರೆ, ಹೊಂಚಿ ತಿಳಿಯುವುದು ಬೇರೆ. ಮನೆಯ ಬಾಗಿಲಲ್ಲಿ ನಿಂತು, 'ತಾಯಿ, ಮಗುವಿನ ಕೈಗೆ ಮೊಬೈಲು ಎಷ್ಟು ಗಂಟೆಗೆ ಬರುತ್ತದೆ?' ಎಂದು ಕೇಳುವ ಶಿಕ್ಷಕನು ಗುರುವು. ಮಗುವು ಏನನ್ನು ನೋಡಿತು, ಎಲ್ಲಿ ನಿಂತಿತು ಎಂದು ಅದಕ್ಕೆ ತಿಳಿಯದಂತೆ ಲೆಕ್ಕವಿಡುವವನು ವ್ಯಾಪಾರಿಯು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು 18 ವರ್ಷದೊಳಗಿನವರ ವಿವರಗಳನ್ನು ಬಳಸಲು ತಂದೆತಾಯಿಗಳ ಒಪ್ಪಿಗೆಯು ಅವಶ್ಯವೆಂದೂ, ಮಕ್ಕಳ ನಡವಳಿಯನ್ನು ಬೆನ್ನಟ್ಟಿ ಅಳೆಯಕೂಡದೆಂದೂ ಹೇಳುತ್ತದೆ. ಕಾಯಿದೆಯು ಹೇಳದಿದ್ದರೂ ಧರ್ಮವು ಅದನ್ನೇ ಹೇಳುತ್ತಿದ್ದಿತು.

ಹಾಗಾದರೆ ಕರ್ತವ್ಯವೇನು? ದೊಡ್ಡ ಯೋಜನೆಗಳನ್ನು ಬಿಟ್ಟು, ಊರಿನ ಶಕ್ತಿಗೆ ನಿಲುಕುವಷ್ಟನ್ನೇ ಹೇಳುವುದು ಯುಕ್ತ.

ವರ್ಷಾರಂಭದಲ್ಲಿ ಪ್ರತಿಯೊಬ್ಬ ಶಿಕ್ಷಕರೂ ತಮ್ಮ ತರಗತಿಯ ಮನೆಗಳಿಂದ ಐದು ಸಂಗತಿಗಳನ್ನು ಕೇಳಿ ಬರೆದುಕೊಳ್ಳಲಿ: ಮೊಬೈಲು ಯಾರದು, ಮಗುವಿಗೆ ಯಾವ ಹೊತ್ತಿಗೆ ದೊರೆಯುವುದು, ಇಂಟರ್‌ನೆಟ್ಟು ಎಷ್ಟಿದೆ, ಓದಿ ಹೇಳುವವರು ಮನೆಯಲ್ಲಿ ಯಾರು, ಮನೆಯ ಮಾತು ಯಾವುದು. ಪಾಠವನ್ನು ಆ ಹೊತ್ತಿಗೇ ಕಳಿಸಲಿ. ದಿನಕ್ಕೆ ಒಂದೇ ಕಳಿಸಲಿ. ಐದಾರು ನಿಮಿಷವನ್ನು ಮೀರದಿರಲಿ. ತಾಯಿಯ ಕೈಗೆ ಬಿಡುವಿಲ್ಲದ ಮನೆಗೆ ನೋಡುವ ಪಾಠಕ್ಕಿಂತ ಕೇಳುವ ಪಾಠವು ಮೇಲು. ಕಂಡಿಕೆ ಸುತ್ತುತ್ತ ಆಕೆಯೂ ಮಗುವಿನೊಡನೆ ಕೇಳುವಳು. ಮೊಬೈಲು ಇಲ್ಲದ ಮನೆಗೆ ಅದೇ ಪಾಠವನ್ನು ಒಂದು ಹಾಳೆಯ ಮೇಲೆ ಬರೆದು ಕೊಡಲಿ. ಮರುದಿನ ತರಗತಿಯಲ್ಲಿ ಅದರ ಮೇಲೆ ಒಂದು ಪ್ರಶ್ನೆಯನ್ನಾದರೂ ಕೇಳಲಿ. ಕೇಳುವವರಿಲ್ಲದ ಪಾಠವನ್ನು ನೋಡುವವರೂ ಇರುವುದಿಲ್ಲ. ಯಾವ ಮಗುವು ನೋಡಿ ಬರಲಿಲ್ಲವೋ ಅದನ್ನು ಗದರಿಸದೆ ಕಾರಣವನ್ನು ವಿಚಾರಿಸಲಿ; ಆ ಕಾರಣದಲ್ಲಿಯೇ ಮುಂದಿನ ಪಾಠದ ತಿದ್ದುಪಡಿಯಿದೆ.

ತಂದೆತಾಯಿಗಳು ದಿನದಲ್ಲಿ ಅರ್ಧ ಗಂಟೆಯನ್ನು ಓದಿನ ಹೊತ್ತೆಂದು ನಿಯಮಿಸಲಿ. ಆ ಅರ್ಧ ಗಂಟೆ ಮಗ್ಗವು ನಿಲ್ಲಲಿ, ಮನೆಯ ಹಿರಿಯರ ಮನೋರಂಜನೆಯೂ ನಿಲ್ಲಲಿ. ಮಗ್ಗವು ನಿಂತರೆ ಮಜೂರಿ ಕಡಿಮೆಯಾಗುವುದೆಂಬುದು ಸತ್ಯವೇ. ಅರ್ಧ ಗಂಟೆಯ ಬೆಲೆಯು ನೇಕಾರನಿಗೆ ಎಷ್ಟೆಂಬುದನ್ನು ಅರಿಯದೆ ಈ ಮಾತನ್ನು ಹೇಳಿದ್ದಲ್ಲ. ಆದುದರಿಂದಲೇ ಆ ಭಾರವೆಲ್ಲವನ್ನೂ ಮನೆಯ ಮೇಲೆ ಹೊರಿಸದೆ, ಊರಿನ ಮಠಗುಡಿಗಳು ಒಂದು ಪಾಲನ್ನು ಹೊರಬೇಕು. ಸಂಜೆಯ ಎರಡು ಗಂಟೆಗಳ ಕಾಲ ಒಂದು ನಿಶ್ಶಬ್ದವಾದ ಪಡಸಾಲೆ, ಒಂದು ಇಂಟರ್‌ನೆಟ್ಟಿನ ಸಂಪರ್ಕ, ನಾಲ್ಕಾರು ಸಾಧನಗಳು, ಪಕ್ಕದಲ್ಲಿ ಒಬ್ಬ ಹಿರಿಯ ಶಿಕ್ಷಕರು, ಹೆಣ್ಣುಮಕ್ಕಳಿಗೆ ಮೊದಲ ಸರದಿ: ಇಷ್ಟು ಸಾಕು. ಹಸಿದವನಿಗೆ ಅನ್ನವನ್ನು ಬಡಿಸುವಾಗ ದಾಸೋಹದ ಮನೆಯಲ್ಲಿ ಬಡಿಸುವವನ ಹೊತ್ತನ್ನು ನೋಡುವುದಿಲ್ಲ; ಉಣ್ಣುವವನ ಹೊತ್ತನ್ನು ನೋಡುತ್ತಾರೆ. ಜ್ಞಾನದಾಸೋಹಕ್ಕೂ ಬೇರೆ ನಿಯಮವಿಲ್ಲ.

ಸದ್ಭಕ್ತರೇ! ಬನಹಟ್ಟಿಯವರಿಗೆ ಬಟ್ಟೆಯ ಮರ್ಮವನ್ನು ಹೊಸತಾಗಿ ಹೇಳಬೇಕಾದುದಿಲ್ಲ. ಹಾಸು ಎಷ್ಟು ಗಟ್ಟಿಯಾಗಿದ್ದರೂ ಹೊಕ್ಕು ಸೇರದೆ ಅದು ಬಟ್ಟೆಯಾಗದು. ಅಂತರ್ಜಾಲದಲ್ಲಿ ಹರವಿಟ್ಟ ಪಾಠಗಳೆಲ್ಲವೂ ಹಾಸು. ಮನೆಮನೆಯ ಹೊತ್ತು, ನುಡಿ, ಕಷ್ಟ, ರೂಢಿ ಇವೇ ಹೊಕ್ಕು. ಅತ್ತಿಂದಿತ್ತ ಇತ್ತಿಂದತ್ತ ಹೋಗಿಬಂದು ಎರಡನ್ನೂ ಕೂಡಿಸುವ ಲಾಳಿಯು ಊರಿನ ಶಿಕ್ಷಕನು. ಲಾಳಿಯು ಒಂದೇ ಕಡೆಗೆ ಹೋಗಿ ಮರಳಿ ಬಾರದಿದ್ದರೆ ನೇಯ್ಗೆಯಿಲ್ಲ. ಪಾಠವು ಮನೆಗೆ ಹೋಗಲಿ. ಮನೆಯ ಮಾತೂ ಪಾಠ ಬರೆಯುವವರ ಬಳಿಗೆ ಮರಳಿ ಬರಲಿ. ಆ ದಿನ, ಎಲ್ಲರ ಸರದಿಯೂ ಮುಗಿದ ಮೇಲೆ ಮೊಬೈಲಿಗಾಗಿ ಕಾಯ್ದು ಕಾಯ್ದು ನಿದ್ದೆಹೋಗುವ ಹುಡುಗಿಯು, ಓಣಿಯ ದೀಪ ಹತ್ತುವ ಹೊತ್ತಿಗೇ ತನ್ನ ಪಾಠವನ್ನು ಮುಗಿಸಿ ತಾಯಿಗೆ ಅದನ್ನು ಹೇಳಿಕೊಡುವಳು. ಮಹೋತ್ಸವದ ಈ ಶುಭಸಮಯದಲ್ಲಿ ಶ್ರೀಮಠದ ಶಿಷ್ಯವರ್ಗವು ಸಂಕಲ್ಪಿಸತಕ್ಕ ಕಾರ್ಯವು ಇದಕ್ಕಿಂತ ಹಿರಿದಾದುದು ಬೇರೆ ತೋರದು.

ಸರ್ವರಿಗೂ ಸನ್ಮಂಗಲವಾಗಲಿ.